ಕಣವಿಲ್ಲದ ಮನೆಯಲ್ಲಿ ಸಂಕ್ರಾಂತಿ ಹೇಗೆ ಮಾಡ್ತೀರಿ?

ಹೊಳವನಹಳ್ಳಿ ಮಗಳು
ಜನವರಿ 6, ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊರಟಗೆರೆ ತಾಲ್ಲೂಕು, ಹೊಳವನಹಳ್ಳಿ ಹೋಬಳಿ. ನಾನು ತುಮಕೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ಅಪ್ಪ, ಅಮ್ಮ ಇಬ್ಬರೇ. ಮೂರೆಕರೆ ಹೊಲ. ಈ ಸಲ ರಾಗಿಯನ್ನು ಮಿಷಿನ್ನಿನಲ್ಲಿ ಕೊಯ್ಸಿದೆವು. ಬೆಳಿಗ್ಗೆ ಬಂದ ಗಾಡಿ ಊಟದ ಹೊತ್ತಿಗೆ ಕೆಲಸ ಮುಗಿಸಿ ಹೊರಟಿತು. ಕಾಳು ನೇರ ಚೀಲಕ್ಕೆ. ಆಳು ಸಿಗಲ್ಲ, ಅಪ್ಪನಿಗೆ ಮಂಡಿನೋವು, ಬೇರೆ ದಾರಿ ಇರಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ.

ಬೇಜಾರಾಗಿದ್ದು ಮೊನ್ನೆ ಭಾನುವಾರ. ಅಪ್ಪ ಮನೆ ಹಿಂದೆ, ಮೊದಲು ರಾಗಿ ಒಕ್ಕುವ ಕಣ ಇದ್ದ ಜಾಗದಲ್ಲಿ ಸುಮ್ನೆ ನಿಂತಿದ್ದರು. ತೆನೆಯ ಮೇಲೆ ಎತ್ತು ಎಳೆಯುತ್ತಿದ್ದ ರೋಣಗಲ್ಲು ಹುಣಸೆಮರದ ಬುಡದಲ್ಲಿ ಅರ್ಧ ಮಣ್ಣಲ್ಲಿ ಹೂತುಹೋಗಿದೆ. ಅದರ ಮೇಲೆ ಅಮ್ಮ ಪಾತ್ರೆ ಒಣಗಿಸುತ್ತಾರೆ. "ಹಬ್ಬ ಬಂತಲ್ಲ ಮಗಾ, ಪೂಜೆ ಎಲ್ಲಿ ಮಾಡೋದು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಸಂಕ್ರಾಂತಿ ಅಂದರೆ ಕಣ. ರಾಗಿ ಕೊಯ್ದು, ಕಂತೆ ಕಟ್ಟಿ, ಮೆದೆ ಒಟ್ಟಿರುತ್ತಿದ್ದರು. ಆಮೇಲೆ ನೆಲ ಕೆರೆದು, ನೀರು ಚಿಮುಕಿಸಿ, ಗಟ್ಟಿ ಮಾಡಿ, ಸಗಣಿ ಬಗ್ಗಡ ಬಳಿದು ಮಧ್ಯೆ ಮೇಟಿ ಕಂಬ ನೆಡುತ್ತಿದ್ದರು. ಎತ್ತು ಕಟ್ಟಿ ರೋಣಗಲ್ಲು ಹೊಡೆದು, ಹುಲ್ಲು ಕೊಡವಿ, ಗಾಳಿ ನೋಡಿಕೊಂಡು ತೂರಿ, ರಾಶಿ ಮಾಡಿದ ಮೇಲೆ ಅಜ್ಜಿ ಸಗಣಿಯಲ್ಲಿ ಬೆನವಣ್ಣನನ್ನು, ಅಂದರೆ ಗಣಪನನ್ನು ಮಾಡುತ್ತಿದ್ದರು. ಮೂರು ಬೆರಳಲ್ಲಿ ಒತ್ತಿ ಒಂದು ಮೂತಿ, ನೆತ್ತಿಗೆ ಗರಿಕೆ, ಸುತ್ತ ಅಣ್ಣೆ ಹೂ, ತುಂಬೆ ಹೂ. ಕೊಳಗದಲ್ಲಿ ಅಳೆಯುವಾಗ ತಾತ ಮೊದಲನೆಯದಕ್ಕೆ "ಒಂದು" ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದರು. ಅಳತೆ ಮುಗಿಯುವ ತನಕ ಕಣದಲ್ಲಿ ಯಾರೂ ಮಾತಾಡುವಂತಿಲ್ಲ, ಚಪ್ಪಲಿ ಹಾಕುವಂತಿಲ್ಲ. ಆಮೇಲೆ ನೇಗಿಲಿನ ಕುಳ ಹಣಿದುಕೊಟ್ಟ ಕಮ್ಮಾರರು, ಬಟ್ಟೆ ಒಗೆದವರು, ಕ್ಷೌರ ಮಾಡಿದವರು, ಮಡಕೆ ಕೊಟ್ಟವರು, ಎಲ್ಲರಿಗೂ ಮೊರದಲ್ಲಿ ರಾಗಿ. ಉಳಿದದ್ದು ನೆಲದೊಳಗಿನ ಹಗೇವಿಗೆ.

ಈಗ ಎತ್ತಿಲ್ಲ, ಕಣವಿಲ್ಲ, ಹಗೇವು ಮುಚ್ಚಿ ಹದಿನೈದು ವರ್ಷ ಆಯಿತು. ಮನೆಯಲ್ಲಿ ಎಳ್ಳು ಬೆಲ್ಲ ಬೀರಿ, ಟೀವಿ ನೋಡಿ ಮುಗಿಸುತ್ತಿದ್ದೇವೆ. ಈ ಸಲ ಹಾಗೆ ಮಾಡಲು ಮನಸ್ಸಿಲ್ಲ. ನಿಮ್ಮ ಕಡೆ ಕಣ ಇಲ್ಲದವರು ಏನು ಮಾಡ್ತೀರಿ? ದಯವಿಟ್ಟು ವಿವರವಾಗಿ ಹೇಳಿ.

ತಿಪಟೂರು ಕೊಬ್ಬರಿ
ಜನವರಿ 6, ರಾತ್ರಿ

ನಿಮ್ಮ ಅಪ್ಪನ ಮಾತು ಓದಿ ಕಣ್ಣು ತುಂಬಿತಮ್ಮ. ನಮ್ಮ ಯಜಮಾನರೂ ಹೀಗೇ ನಿಂತುಕೊಳ್ಳುತ್ತಾರೆ.

ನಾವು ಏನು ಮಾಡ್ತೀವಿ ಅಂದರೆ, ಮಾರಲು ಕಳಿಸುವ ಚೀಲಗಳನ್ನು ಬಿಟ್ಟು ಮನೆಗೆ ಇಟ್ಟುಕೊಂಡ ರಾಗಿಯಲ್ಲಿ ಒಂದು ಚೀಲ ಬಿಚ್ಚಿ ಅಂಗಳದಲ್ಲಿ ರಾಶಿ ಹಾಕ್ತೀವಿ. ಅಂಗಳ ಸಿಮೆಂಟ್ ಆಗಿದೆ, ಆದರೂ ಅಷ್ಟು ಜಾಗಕ್ಕೆ ಸಗಣಿ ಸಾರಿಸ್ತೀನಿ. ಬೆನವಣ್ಣ ಇಟ್ಟು, ಕಬ್ಬು ನಿಲ್ಲಿಸಿ, ಅವರೆಕಾಯಿ, ಕಡಲೆಕಾಯಿ, ಗೆಣಸು ಬೇಯಿಸಿ ಎಡೆ ಇಡ್ತೀವಿ. ರಾಶಿ ದೊಡ್ಡದಾಗಿರಲೇಬೇಕು ಅಂತ ಯಾರು ಹೇಳಿದ್ದು? ಒಂದು ಮೊರ ರಾಗಿಯಾದರೂ ರಾಶಿಯೇ.

ಎಳ್ಳು ಬೆಲ್ಲ ಮಾತ್ರ ಅಂಗಡಿಯ ಪೊಟ್ಟಣ ತರಬೇಡಿ. ಅದರಲ್ಲಿ ಬಣ್ಣದ ಜೀರಿಗೆ ಪೆಪ್ಪರಮೆಂಟೇ ಜಾಸ್ತಿ. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಡ್ತೀವಿ. ಒಳಗಿನ ನೀರು ಪೂರ್ತಿ ಇಂಗಿ, ಅಲ್ಲಾಡಿಸಿದರೆ ಗುಂಡು ಕಡಕಡ ಅನ್ನಬೇಕು. ಆ ಕೊಬ್ಬರಿಯ ಕಂದು ಸಿಪ್ಪೆ ತುರಿದು ತೆಗೆದು, ಸಣ್ಣಗೆ ಹೆಚ್ಚಿ ಎರಡು ಬಿಸಿಲು ಕಾಯಿಸಿ. ಅಚ್ಚು ಬೆಲ್ಲವನ್ನು ಅಡಕತ್ತರಿಯಲ್ಲಿ ಕತ್ತರಿಸಿ, ಅದನ್ನೂ ಒಣಗಿಸಿ. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆದು ಎರಡು ಹೋಳು ಮಾಡಿ. ಹುರಿಗಡಲೆ. ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿದು ಆರಿಸಿ. ಎಲ್ಲ ಬೇರೆ ಬೇರೆ ಡಬ್ಬದಲ್ಲಿರಲಿ, ಹಬ್ಬದ ಹಿಂದಿನ ದಿನ ಬೆರೆಸಿ. ಮೊದಲೇ ಬೆರೆಸಿದರೆ ಬೆಲ್ಲ ನೀರೊಡೆದು ಎಳ್ಳೆಲ್ಲ ಅಂಟುತ್ತದೆ.

ಮಾಲೂರು ಮಣ್ಣು
ಜನವರಿ 7

ತಿಪಟೂರು ಅಕ್ಕ, ಸಕ್ಕರೆ ಅಚ್ಚು ಮಾಡುವುದನ್ನೂ ಹೇಳಿಬಿಡಿ. ನನ್ನ ಹೆಂಡತಿ ಎರಡು ವರ್ಷದಿಂದ ಪ್ರಯತ್ನ ಮಾಡ್ತಿದ್ದಾಳೆ, ಗಿಣಿಗೆ ಕತ್ತೇ ಬರುವುದಿಲ್ಲ, ಅಚ್ಚಿನಲ್ಲೇ ಮುರಿಯುತ್ತದೆ.

ತಿಪಟೂರು ಕೊಬ್ಬರಿ
ಜನವರಿ 7

ಅಚ್ಚಿನ ಮರ ಒಣಗಿದ್ದರೆ ಹಾಗಾಗುತ್ತದೆ ತಮ್ಮಾ. ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡಬೇಕು. ಮರ ನೀರು ಕುಡಿದಿದ್ದರೆ ಪಾಕ ಅಂಟುವುದಿಲ್ಲ. ಎರಡು ಹೋಳು ಸೇರಿಸಿ ದಾರದಲ್ಲಿ ಬಿಗಿಯಾಗಿ ಕಟ್ಟಿ.

ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ನಡುವೆ ಎರಡು ಚಮಚ ಹಾಲು ಬಿಡಿ. ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ತೆಗೆದು ಬಿಳಿ ಬಟ್ಟೆಯಲ್ಲಿ ಸೋಸಿ. ಇನ್ನು ಮುಂದೆ ಆತುರ ಬೇಡ. ಎಲ್ಲ ಪಾಕವನ್ನು ಒಟ್ಟಿಗೆ ಕಾಯಿಸಬಾರದು. ಸಣ್ಣ ಪಾತ್ರೆಗೆ ಒಂದು ಸೌಟು ಹಾಕಿ ಕುದಿಸಿ, ಮರದ ಸೌಟಿನಿಂದ ಪಾತ್ರೆಯ ಅಂಚಿಗೆ ಉಜ್ಜುತ್ತಾ ಇರಿ. ನೀರಿನ ಬಣ್ಣದ ಪಾಕ ಇದ್ದಕ್ಕಿದ್ದಂತೆ ಮಜ್ಜಿಗೆಯಂತೆ ಬಿಳಿಯಾಗುತ್ತದೆ. ಅದೇ ಹದ. ಆ ಕ್ಷಣಕ್ಕೆ ಅಚ್ಚಿಗೆ ಸುರಿಯಬೇಕು. ಉಸಿರು ಬಿಡುವಷ್ಟು ತಡವಾದರೂ ಪಾತ್ರೆಯಲ್ಲೇ ಪುಡಿಯಾಗುತ್ತದೆ. ಬೇಗ ಸುರಿದರೆ ಗಟ್ಟಿಯಾಗದೆ ಕತ್ತು ಮುರಿಯುತ್ತದೆ. ನಿಮ್ಮ ಮನೆಯವರು ಬಹುಶಃ ಬಿಳಿಯಾಗುವ ಮೊದಲೇ ಸುರಿಯುತ್ತಿದ್ದಾರೆ. ಹತ್ತು ನಿಮಿಷ ಬಿಟ್ಟು ಬಿಚ್ಚಿ.

ಶಿರಾ ಸೊಸೆ
ಜನವರಿ 7

ಒಂದು ಪ್ರಶ್ನೆ. ಈ ಸಲ ಹಬ್ಬ 14ಕ್ಕೋ 15ಕ್ಕೋ? ಹೋದ ವರ್ಷ 15ಕ್ಕೆ ಮಾಡಿದೆವು. ನಮ್ಮತ್ತೆ ಮೊದಲೆಲ್ಲ 14ಕ್ಕೇ ಇರುತ್ತಿತ್ತು ಅಂತಾರೆ. ಬೇರೆ ಹಬ್ಬಗಳ ತಾರೀಖು ಬದಲಾಗುತ್ತದೆ ಸರಿ, ಇದು ಸೂರ್ಯನ ಹಬ್ಬ ಅಲ್ವಾ, ಇದೇಕೆ ಬದಲಾಗಬೇಕು?

ನಿವೃತ್ತ ಮೇಷ್ಟ್ರು, ಮಧುಗಿರಿ
ಜನವರಿ 7

ಈ ಸಲ 14ಕ್ಕೆ ತಾಯಿ. ಸೂರ್ಯ ಮಕರ ರಾಶಿಗೆ ಕಾಲಿಡುವುದು 14ರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ. ಹೋದ ವರ್ಷ, ಅಂದರೆ 2024ರಲ್ಲಿ, 15ರ ಬೆಳಗಿನ ಜಾವ ಮೂರರ ಹತ್ತಿರ ಆಗಿತ್ತು. ಪ್ರತಿ ವರ್ಷ ಸುಮಾರು ಆರು ಗಂಟೆ ತಡವಾಗುತ್ತಾ ಹೋಗುತ್ತದೆ, ಫೆಬ್ರವರಿ 29 ಬಂದ ಮೇಲೆ ಮತ್ತೆ ಹಿಂದಕ್ಕೆ ಬರುತ್ತದೆ. ಹಾಗಾಗಿ 14, 15ರ ನಡುವೆ ಓಡಾಟ.

ನಿಮ್ಮತ್ತೆ ಹೇಳಿದ್ದೂ ಸುಳ್ಳಲ್ಲ. ನಕ್ಷತ್ರಗಳನ್ನು ಗುರುತಿಟ್ಟುಕೊಂಡು ಎಣಿಸುವ ವರ್ಷ, ಮಳೆ ಚಳಿ ನೋಡಿ ಎಣಿಸುವ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ನಮ್ಮ ಪಂಚಾಂಗ ನಕ್ಷತ್ರದ್ದು, ಗೋಡೆಯ ಕ್ಯಾಲೆಂಡರ್ ಋತುವಿನದ್ದು. ದಿನಕ್ಕೆ 1,440 ನಿಮಿಷ. 20ರಿಂದ ಭಾಗಿಸಿ ನೋಡಿ. 72 ವರ್ಷಕ್ಕೆ ಒಂದು ದಿನ ಮುಂದಕ್ಕೆ ಜರುಗುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ. ತಾರೀಖು 1863ರ ಜನವರಿ 12! ಶಾಲೆಯಲ್ಲಿ ಈ ಲೆಕ್ಕ ಹಾಕಿಸಿದಾಗ ಮಕ್ಕಳ ಮುಖ ನೋಡಬೇಕಿತ್ತು.

ಸೂರ್ಯ ಉತ್ತರಕ್ಕೆ ತಿರುಗುವುದು ನಿಜವಾಗಿ ಡಿಸೆಂಬರ್ 21, 22ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಇತ್ತು. ಭೀಷ್ಮ ಬಾಣದ ಮಂಚದ ಮೇಲೆ ಕಾದದ್ದು ಆ ತಿರುವಿಗೆ. ಹಾಗಂತ ಹಬ್ಬವನ್ನು ಡಿಸೆಂಬರಿಗೆ ಎಳೆಯಬೇಕು ಅಂತ ನಾನು ಹೇಳುವುದಿಲ್ಲ. ಡಿಸೆಂಬರಿನಲ್ಲಿ ನಮ್ಮ ರಾಗಿ ಇನ್ನೂ ಮೆದೆಯಲ್ಲಿರುತ್ತದೆ.

ಹಾಗೇ ಇನ್ನೊಂದು ಮಾತು. ಹತ್ತಿರದವರು ಒಮ್ಮೆ ಶಿವಗಂಗೆಗೆ ಹೋಗಿಬನ್ನಿ. ಸಂಕ್ರಾಂತಿಯ ಬೆಳಿಗ್ಗೆ ಬೆಟ್ಟದ ತುದಿಯ ತೀರ್ಥಕಂಬದ ಬಳಿ ಬಂಡೆಯಲ್ಲಿ ಬರುವ ನೀರನ್ನು ತಂದು ಗಂಗಾಧರೇಶ್ವರ, ಹೊನ್ನಾದೇವಿಗೆ ಧಾರೆ ಎರೆದು ಮದುವೆ ಮಾಡುತ್ತಾರೆ. ನಸುಕಿನ ಚಳಿಯಲ್ಲಿ ಬೆಟ್ಟ ಹತ್ತಬೇಕು. ವಯಸ್ಸಾದವರಿಗೆ ಕಷ್ಟ.

ಚಿಂತಾಮಣಿ ಅವರೆಕಾಯಿ
ಜನವರಿ 8

ಎಲ್ಲರೂ ರಾಶಿ, ಎಳ್ಳು ಹೇಳಿದಿರಿ. ನಾನು ಹೊಲದ ಮಾತು ಹೇಳ್ತೀನಿ. ಸ್ವಲ್ಪ ಉದ್ದವಾಗುತ್ತೆ, ಕ್ಷಮಿಸಿ.

ಹೊಳವನಹಳ್ಳಿ ತಂಗಿ, ನಿಮ್ಮ ಹೊಲದಲ್ಲಿ ಅಕ್ಕಡಿ ಸಾಲು, ಅಂದರೆ ರಾಗಿ ನಡುವೆ ಅವರೆ, ತೊಗರಿ ಸಾಲು ಹಾಕಿದ್ದರಾ? ಹಾಕಿರುವುದಿಲ್ಲ ಅಂದುಕೊಂಡಿದ್ದೇನೆ. ಮಿಷಿನ್ ಬರುವ ಹೊಲದಲ್ಲಿ ಅಕ್ಕಡಿ ಇಡುವುದಿಲ್ಲ, ಇಟ್ಟರೆ ರಾಗಿ ಜೊತೆ ಅವರೆ ಗಿಡವೂ ಕೊಯ್ದುಹೋಗುತ್ತದೆ.

ನಮ್ಮಪ್ಪ ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಹಿಂದೆ ಸಡ್ಡೆ (ಬೀಜ ಬಿಡುವ ಬಿದಿರಿನ ಕೊಳವೆ) ಕಟ್ಟಿ ಅಮ್ಮ ಅಕ್ಕಡಿ ಕಾಳು ಬಿಡುತ್ತಾ ಬರುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಅಲ್ಲಲ್ಲಿ ಜೋಳ. ಒಂದೇ ಹೊಲದಿಂದ ಮುದ್ದೆಗೆ ರಾಗಿ, ಸಾರಿಗೆ ಬೇಳೆ, ಒಗ್ಗರಣೆಗೆ ಸಾಸಿವೆ, ಎಣ್ಣೆಗೆ ಹುಚ್ಚೆಳ್ಳು. ರಾಗಿ ಕೊಯ್ದ ಮೇಲೂ ಹೊಲ ಖಾಲಿ ಆಗುತ್ತಿರಲಿಲ್ಲ. ಕೂಳೆಯ ನಡುವೆ ಅವರೆ ಸಾಲು ಹಸಿರಾಗಿ ನಿಂತಿರುತ್ತಿತ್ತು. ಬೆಳಗಿನ ಇಬ್ಬನಿಯಲ್ಲಿ ಕಾಯಿ ಕಿತ್ತರೆ ಕೈಗೆ ಜಿಡ್ಡು. ಎರಡು ಸಲ ತೊಳೆದರೂ ಸೊಗಡು ಹೋಗುತ್ತಿರಲಿಲ್ಲ.

ಸಂಕ್ರಾಂತಿಗೇ ಅವರೆ ಯಾಕೆ ಗೊತ್ತಾ? ನಾಟಿ ಅವರೆ ಹಗಲು ಚಿಕ್ಕದಾದರೆ ಮಾತ್ರ ಹೂ ಬಿಡುತ್ತದೆ. ಜುಲೈನಲ್ಲಿ ಬಿತ್ತಿದರೂ ಅಷ್ಟೇ, ಆಗಸ್ಟಿನಲ್ಲಿ ಬಿತ್ತಿದರೂ ಅಷ್ಟೇ. ಹಗಲು ಕುಗ್ಗುವ ತನಕ ಸುಮ್ನೆ ಬಳ್ಳಿ ಬೆಳೆಸಿಕೊಂಡಿರುತ್ತದೆ, ಆಮೇಲೆ ಹೂ. ಕಾಯಿ ತುಂಬುವ ಹೊತ್ತಿಗೆ ಸರಿಯಾಗಿ ಹಬ್ಬ. ನಮ್ಮ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂತ ತಳಿ ಬಿಟ್ಟ ಮೇಲೆ ವರ್ಷವಿಡೀ ಕಾಯಿ ಬರುತ್ತಿದೆ, ಅವಕ್ಕೆ ಹಗಲಿನ ಹಂಗಿಲ್ಲ. ರೈತನಿಗೆ ದುಡ್ಡು ಬಂತು, ಒಳ್ಳೆಯದೇ. ನಾನೂ ಬೆಳೆದಿದ್ದೇನೆ. ಆದರೆ ಮೇ ತಿಂಗಳ ಅವರೆಗೆ ಆ ಸೊಗಡು ಇಲ್ಲ. ಹಿದುಕಿದ ಬೇಳೆ ಸಾರು ಮಾಡಿದರೆ ಪಕ್ಕದ ಮನೆಗೆ ವಾಸನೆ ಹೋಗಬೇಕು, ಅದು ಹೋಗುವುದಿಲ್ಲ.

ನನಗೆ ಅನ್ನಿಸುವುದು ಇಷ್ಟು. ಕಣ ಹೋಗಿದ್ದು ಆಮೇಲೆ. ಮೊದಲು ಹೋಗಿದ್ದು ಅಕ್ಕಡಿ. ಹಬ್ಬದ ತಟ್ಟೆಯಲ್ಲಿ ಇರುವುದೆಲ್ಲ ಒಂದು ಕಾಲಕ್ಕೆ ನಮ್ಮ ನೆಲದಿಂದ, ಇಲ್ಲವೇ ಪಕ್ಕದವನ ನೆಲದಿಂದ ಬಂದದ್ದು. ಈಗ ಅಷ್ಟನ್ನೂ ಸಂತೆಯಿಂದ ತರ್ತೀವಿ. ರಾಶಿ ಪೂಜೆ ಎಲ್ಲಿ ಮಾಡೋದು ಅಂತ ಅಪ್ಪ ಕೇಳಿದ್ದರಲ್ಲ, ಅವರನ್ನು ಒಮ್ಮೆ ಅಕ್ಕಡಿ ಬಗ್ಗೆ ಕೇಳಿ ನೋಡಿ. ಏನು ಹೇಳ್ತಾರೋ ಇಲ್ಲಿ ಬರೆಯಿರಿ.

ಪಾವಗಡ ಬಿಸಿಲು
ಜನವರಿ 8

ಚಿಂತಾಮಣಿ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮದು ಕಡಲೆಕಾಯಿ ನೆಲ. ಹಬ್ಬಕ್ಕೆ ಕಡಲೆಕಾಯಿ ಕೊಂಡು ತಂದಿದ್ದೇ ಗೊತ್ತಿರಲಿಲ್ಲ. ಮನೆಯ ಮೂಲೆಯಲ್ಲಿ ಮೂಟೆ ಇರುತ್ತಿತ್ತು. ಈಗ ತಿರುಮಣಿ ಕಡೆ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಆಗಿದೆ. ನಮ್ಮ ಸಂಬಂಧಿಕರ ಜಮೀನೂ ಗುತ್ತಿಗೆಗೆ ಹೋಗಿದೆ. ಮಳೆ ನಂಬಿ ಕೂತಿದ್ದವರಿಗೆ ವರ್ಷ ವರ್ಷ ಗುತ್ತಿಗೆ ದುಡ್ಡು ಬರುತ್ತದೆ, ಯಾರನ್ನೂ ತಪ್ಪು ಅನ್ನಲಾರೆ. ಬರ ಕಂಡವರಿಗೆ ಅದರ ಬೆಲೆ ಗೊತ್ತು.

ಆದರೆ ನಮ್ಮ ದೊಡ್ಡಪ್ಪ ಸಂಕ್ರಾಂತಿ ದಿನ ಬೇಲಿಯ ಹೊರಗೆ ನಿಂತು, ತಮ್ಮ ಹೊಲ ಇದ್ದ ದಿಕ್ಕಿಗೆ ಕಾಯಿ ಒಡೆದು ಬರುತ್ತಾರೆ. ಪ್ರತಿ ವರ್ಷ ಹೋಗ್ತಾರೆ. ನಾನು ಎರಡು ಸಲ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದೆ.

ಮಾಲೂರು ಮಣ್ಣು
ಜನವರಿ 8

ನಮ್ಮ ಕಡೆ ಕಣಕ್ಕಿಂತ ದನದ್ದೇ ದೊಡ್ಡ ಹಬ್ಬ. ಸಂಕ್ರಾಂತಿ ಹತ್ತಿರ ಬಂದಾಗ ಊರ ಮುಂದೆ ಮಣ್ಣಿನಿಂದ ಕಾಟಮರಾಯನ ಗುಡಿ ಕಟ್ತೀವಿ. ಕಾಟಮರಾಯ ಅಂದರೆ ದನ ಕಾಯುವ ದೇವರು. ತೆಲುಗಿನ ಗೊಲ್ಲರು ಹಾಡುವ ಕಾಟಮರಾಜನೇ ಇವನು ಅಂತ ಹಿರಿಯರು ಹೇಳ್ತಾರೆ. ಹುಡುಗರೆಲ್ಲ ಸೇರಿ ಮಣ್ಣು ಕಲಸಿ ಗುಡ್ಡೆ ಮಾಡಿ, ಸುಣ್ಣ ಕೆಮ್ಮಣ್ಣು ಬಳಿದು, ಅಣ್ಣೆ ಹೂ, ಮಾವಿನಸೊಪ್ಪು ಸಿಕ್ಕಿಸ್ತೀವಿ. ಸಂಜೆ ಊರಿನ ರಾಸೆಲ್ಲ ಅಲ್ಲಿಗೆ ಬರಬೇಕು. ಪೂಜೆ ಆಗಿ, ತೀರ್ಥ ಚಿಮುಕಿಸಿ, ಆಮೇಲೆ ಕಿಚ್ಚು.

ಎತ್ತು ಕಡಿಮೆಯಾಗಿವೆ, ಆದರೆ ಹಸು ಜಾಸ್ತಿ ಆಗಿವೆ. ಕೋಲಾರ ಚಿಕ್ಕಬಳ್ಳಾಪುರದಲ್ಲಿ ಡೇರಿಗೆ ಹಾಲು ಹಾಕದ ಮನೆ ಎಷ್ಟಿದೆ ಹೇಳಿ. ಹಾಗಾಗಿ ನಮ್ಮ ಹಬ್ಬ ನಿಂತಿಲ್ಲ. ಒಂದೇ ಯೋಚನೆ, ಈ ಸೀಮೆಹಸುಗಳನ್ನು ಕಿಚ್ಚು ಹಾಯಿಸಬಹುದಾ? ಹೋದ ವರ್ಷ ಯಾರೋ ಹುಡುಗ ಹುಲ್ಲಿಗೆ ಪೆಟ್ರೋಲ್ ಸುರಿದ. ಉರಿ ಒಮ್ಮೆಲೇ ಆಳೆತ್ತರ ಎದ್ದು, ಹಸು ಹಿಡಿದಿದ್ದ ನನ್ನ ಮೊಣಕೈ ಸುಟ್ಟಿತು. ಹಸು ಹಗ್ಗ ಕಿತ್ತುಕೊಂಡು ಕತ್ತಲಲ್ಲಿ ಓಡಿತು, ರಾತ್ರಿ ಹನ್ನೊಂದಕ್ಕೆ ಕೆರೆ ಅಂಗಳದಲ್ಲಿ ಸಿಕ್ಕಿತು. ಅದು ಆರು ತಿಂಗಳ ಗಬ್ಬ.

ಗೌರಿಬಿದನೂರು ಪಶುವೈದ್ಯ
ಜನವರಿ 9

ಮಾಲೂರು ಅಣ್ಣ, ಗಬ್ಬದ ಹಸುವನ್ನು ಯಾವ ಕಾರಣಕ್ಕೂ ಹಾಯಿಸಬೇಡಿ. ತುಂಬು ಕೆಚ್ಚಲಿನ ಸೀಮೆಹಸುವನ್ನೂ ಬೇಡ. ಅವಕ್ಕೆ ಮೈಭಾರ ಜಾಸ್ತಿ, ಹಾರುವ ಅಭ್ಯಾಸವಿಲ್ಲ. ಬಿದ್ದರೆ ಕೆಚ್ಚಲಿಗೆ ಪೆಟ್ಟು, ಕಾಲು ಉಳುಕು. ನಮ್ಮ ಹಳ್ಳಿಕಾರ್ ಎತ್ತು, ನಾಟಿ ಹೋರಿಗಳು ಹಗುರ, ಅವು ಸರಾಗವಾಗಿ ನೆಗೆಯುತ್ತವೆ. ಹುಲ್ಲು ತೆಳ್ಳಗೆ ಹರಡಿ, ಉರಿ ಇಳಿದು ಮೊಣಕಾಲಿನ ಕೆಳಗೆ ಬಂದ ಮೇಲೆ ಬಿಡಿ. ಪೆಟ್ರೋಲ್ ಸೀಮೆಎಣ್ಣೆ ಮುಟ್ಟಲೇಬೇಡಿ. ಸೀಮೆಹಸುವಿಗೆ ಆರತಿ ಎತ್ತಿ ಕಿಚ್ಚಿನ ಪಕ್ಕದಲ್ಲಿ ನಡೆಸಿಕೊಂಡು ಹೋದರೆ ಸಾಕು. ನಮ್ಮ ಕಡೆ ಹಲವು ಊರಲ್ಲಿ ಹಾಗೇ ಮಾಡ್ತಾರೆ.

ಕಿಚ್ಚು ಹಾಯ್ದರೆ ಮೈಗೆ ಕಚ್ಚಿದ ಉಣ್ಣೆ ಹುಳ ಉದುರುತ್ತದೆ ಅಂತ ನಂಬಿ ಔಷಧಿ ಬಿಡಬೇಡಿ. ಉಣ್ಣೆ ಕೂರುವುದು ಕಿವಿ ಒಳಗೆ, ಬಾಲದ ಬುಡದಲ್ಲಿ, ತೊಡೆ ಸಂದಿಯಲ್ಲಿ. ಒಂದು ಕ್ಷಣದ ಶಾಖ ಅಲ್ಲಿಗೆ ಹೋಗುವುದಿಲ್ಲ.

ಬೆಂಕಿಗಿಂತ ಹೆಚ್ಚು ನಾನು ಹಬ್ಬದ ಮರುದಿನ ನೋಡುವುದು ಬೇರೆ. ಪ್ರೀತಿಯಿಂದ ಹಸುವಿಗೆ ಒಂದು ಹಂಡೆ ಪೊಂಗಲ್, ಅನ್ನ, ಒಂದು ಗೊನೆ ಬಾಳೆಹಣ್ಣು ತಿನ್ನಿಸಿಬಿಡ್ತಾರೆ. ಅಷ್ಟು ಪಿಷ್ಟ ಒಟ್ಟಿಗೆ ಹೋದರೆ ಹೊಟ್ಟೆಯೊಳಗೆ ಹುಳಿ ಏರುತ್ತದೆ. ಮೆಲುಕು ನಿಲ್ಲುತ್ತದೆ, ಹಸು ಮೇವು ಬಿಡುತ್ತದೆ, ತಡವಾದರೆ ಪ್ರಾಣಕ್ಕೇ ಬರುತ್ತದೆ. ಒಂದು ಹಿಡಿ ಎಡೆ ಕೊಡಿ, ಉಳಿದಂತೆ ದಿನನಿತ್ಯದ ಹುಲ್ಲೇ ಹಾಕಿ. ಕೊಂಬಿಗೆ ಗೋಡೆಯ ಪೇಂಟ್ ಬೇಡ, ಅರಿಶಿನ, ಕೆಮ್ಮಣ್ಣು ಸಾಕು. ಇದನ್ನು ನಿಮ್ಮ ಊರಿನ ಡೇರಿ ಹತ್ತಿರ ಬೆಳಿಗ್ಗೆ ಹಾಲು ಹಾಕುವಾಗ ನಾಲ್ಕು ಜನಕ್ಕೆ ಹೇಳಿ. ಪ್ರತಿ ವರ್ಷ ಒಂದೆರಡು ಒಳ್ಳೆ ಹಸುಗಳು ಹೀಗೇ ಹೋಗುತ್ತವೆ, ನೋಡಲಿಕ್ಕಾಗುವುದಿಲ್ಲ.

ಬಾಗೇಪಲ್ಲಿ ಬಸ್‌ಸ್ಟಾಂಡ್
ಜನವರಿ 9

ನಮ್ಮ ಮನೆ ಮಾತು ತೆಲುಗು, ಓದಿದ್ದೆಲ್ಲ ಕನ್ನಡ. ನಮಗೆ ಮೂರು ದಿನ. ಭೋಗಿ ದಿನ ನಸುಕಿನಲ್ಲಿ ಮನೆ ಮುಂದೆ ಬೆಂಕಿ ಹಾಕಿ ಹಳೆ ಮೊರ, ಪೊರಕೆ, ಮುರಿದ ಮಣೆ ಹಾಕ್ತೀವಿ. ಸಂಜೆ ಚಿಕ್ಕಮಕ್ಕಳನ್ನು ಕೂರಿಸಿ ತಲೆ ಮೇಲೆ ಎಲಚಿಹಣ್ಣು, ಚಿಲ್ಲರೆ ಕಾಸು, ಕಬ್ಬಿನ ಚೂರು ಸುರಿಯುತ್ತೀವಿ. ಬೀದಿ ಮಕ್ಕಳೆಲ್ಲ ಆರಿಸಿಕೊಳ್ಳಲು ನುಗ್ಗುತ್ತಾರೆ. ಕನ್ನಡದವರೂ ಮಕ್ಕಳಿಗೆ ಎಲಚಿಹಣ್ಣು ಎರೆಯುತ್ತಾರಲ್ಲ, ಅದೇ. ಧನುರ್ಮಾಸ ಪೂರ್ತಿ ನನ್ನ ಅಕ್ಕಂದಿರು ರಂಗೋಲಿ ಮಧ್ಯೆ ಸಗಣಿ ಉಂಡೆ ಇಟ್ಟು ಕುಂಬಳದ ಹೂ ಸಿಕ್ಕಿಸುತ್ತಿದ್ದರು, ಗೊಬ್ಬೆಮ್ಮ ಅಂತ. ನಿಮ್ಮ ಬೆನವಣ್ಣನ ತಂಗಿ ಇರಬೇಕು! ಮೂರನೇ ದಿನ ಕನುಮ, ದನಗಳದ್ದು. ವಡೆ ಅವತ್ತು ಕಡ್ಡಾಯ.

ಕೋಲೆಬಸವ ಈಗಲೂ ನಮ್ಮೂರಿಗೆ ಬರುತ್ತದೆ. ಹೋದ ವರ್ಷ ಒಂದೇ ಬಂತು.

ಕೆಜಿಎಫ್ ಮೂರನೇ ಲೈನ್
ಜನವರಿ 10

ಇದುವರೆಗೆ ಸುಮ್ನೆ ಓದುತ್ತಿದ್ದೆ. ನಮ್ಮದು ತಮಿಳು ಮನೆ. ಮುತ್ತಾತ ಉತ್ತರ ಆರ್ಕಾಟಿನಿಂದ ಗಣಿ ಕೆಲಸಕ್ಕೆ ಬಂದವರು. ಹೊಲ ಅಲ್ಲೇ ಬಿಟ್ಟು ಬಂದರು, ಹಬ್ಬ ಮಾತ್ರ ತಂದರು.

ನಿಮ್ಮೆಲ್ಲರಿಗೂ ಕಣ ಇತ್ತು, ಈಗ ಹೋಯಿತು. ನಮಗೆ ಇಲ್ಲಿ ಯಾವತ್ತೂ ಇರಲೇ ಇಲ್ಲ. ಲೈನ್ ಮನೆ ಅಂದರೆ ಒಂದೇ ಉದ್ದಕ್ಕೆ ಒತ್ತಾಗಿ ಕಟ್ಟಿದ ಸಣ್ಣ ಮನೆಗಳು. ಆದರೂ ಪೊಂಗಲ್ ದಿನ ಬೆಳಿಗ್ಗೆ ಲೈನಿನ ಉದ್ದಕ್ಕೂ ಪ್ರತಿ ಬಾಗಿಲ ಮುಂದೆ ಮೂರು ಕಲ್ಲು, ಒಂದು ಮಡಕೆ. ಮಡಕೆಯ ಕತ್ತಿಗೆ ಹಸಿ ಅರಿಶಿನದ ಗಿಡ ಕಟ್ಟಿರುತ್ತದೆ. ಹಾಲು ಉಕ್ಕಿದ ತಕ್ಷಣ "ಪೊಂಗಲೋ ಪೊಂಗಲ್" ಅಂತ ಕೂಗುತ್ತಿದ್ದರು. ಒಂದು ಮನೆಯಲ್ಲಿ ಶುರುವಾದರೆ ಆ ತುದಿಯ ತನಕ ಕೂಗು ಹೋಗುತ್ತಿತ್ತು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಕೆಂಪಾದ ಕಣ್ಣಲ್ಲೇ ಸೂರ್ಯನಿಗೆ ಕೈಮುಗಿಯುತ್ತಿದ್ದರು. ಇಡೀ ರಾತ್ರಿ ಭೂಮಿಯೊಳಗೆ ಇದ್ದವರಿಗೆ ಸೂರ್ಯ ಅಂದರೆ ಏನು ಅಂತ ನನಗೆ ಆಗ ತಿಳಿಯುತ್ತಿರಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಲೈನಿನ ಗಂಡಸರೆಲ್ಲ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರ್ತಾರೆ. ಪೊಂಗಲ್ ದಿನ ಮಾತ್ರ ರೈಲು ಹತ್ತುವುದಿಲ್ಲ.

ಹೊಳವನಹಳ್ಳಿ ಸಹೋದರಿ, ಹೊಲವೇ ಇಲ್ಲದ ನಾವು ನೂರು ವರ್ಷದಿಂದ ಮಾಡ್ತಿದ್ದೀವಿ. ನಿಮಗೆ ಮೂರೆಕರೆ ಇದೆ. ಧೈರ್ಯವಾಗಿ ಮಾಡಿ.

ಶಿರಾ ಸೊಸೆ
ಜನವರಿ 10

ಇಲ್ಲಿ ಎಲ್ಲರೂ ಮನಸ್ಸು ಬಿಚ್ಚಿ ಮಾತಾಡ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಪ್ಪ ತೀರಿಕೊಂಡು ನಾಲ್ಕು ವರ್ಷ. ಪ್ರತಿ ವರ್ಷ ಕೊಬ್ಬರಿ ಹೆಚ್ಚುವುದು ಅಮ್ಮ, ಬೆಲ್ಲ ಕತ್ತರಿಸುವುದು ಅಮ್ಮ, ಅಷ್ಟೂ ಪೊಟ್ಟಣ ಕಟ್ಟುವುದು ಅಮ್ಮ. ಬೀರುವ ಹೊತ್ತಿಗೆ ಒಳಗೆ ಹೋಗಿ ಕೂತುಬಿಡ್ತಾಳೆ. ಯಾರೂ ಹೋಗು ಅನ್ನುವುದಿಲ್ಲ, ಬಾ ಅಂತಲೂ ಅನ್ನುವುದಿಲ್ಲ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಊರಿಗೆಲ್ಲ ಹಂಚುತ್ತೇವೆ. ನಮ್ಮಮ್ಮನಿಗೆ ಆ ಒಂದು ಮಾತು ಯಾರು ಹೇಳಬೇಕು? ಹಿರಿಯರು ಇಲ್ಲಿದ್ದೀರಿ. ಅವರ ಕೈಯಿಂದ ಬೀರಿಸಿದರೆ ತಪ್ಪಾಗುತ್ತಾ?

ತಿಪಟೂರು ಕೊಬ್ಬರಿ
ಜನವರಿ 10

ಯಾವ ತಪ್ಪೂ ಇಲ್ಲ ಮಗಳೇ. ನನಗೆ ಅರವತ್ತೆಂಟು ವರ್ಷ, ನಾನು ಹೇಳ್ತಿದ್ದೀನಿ ಕೇಳು. ಹೊಸ ಮದುವೆಯಾದವರು ಐದು ವರ್ಷ ಬಾಳೆಹಣ್ಣು ಬೀರುವುದು, ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಡುವುದು, ಅದು ಬೇರೆ ಶಾಸ್ತ್ರ. ಎಳ್ಳು ಬೆಲ್ಲ ಎಲ್ಲರದ್ದು. ನಮ್ಮ ಬೀದಿಯಲ್ಲಿ ನನ್ನ ಓರಗಿತ್ತಿ ಬೀರುತ್ತಾಳೆ, ಅವಳ ಗಂಡ ಹೋಗಿ ಹತ್ತು ವರ್ಷ ಆಯಿತು. ಮೊದಲ ವರ್ಷ ಒಂದಿಬ್ಬರು ಮುಖ ತಿರುಗಿಸಿದರು. ನಾನೇ ಜೊತೆಗೆ ಹೋದೆ. ನೀನೂ ಅಮ್ಮನ ಜೊತೆ ಹೋಗು. ಅವರು ಒಳಗೆ ಹೋಗುವ ಮೊದಲೇ ತಟ್ಟೆ ಅವರ ಕೈಗೆ ಕೊಟ್ಟುಬಿಡು.

ನಿವೃತ್ತ ಮೇಷ್ಟ್ರು, ಮಧುಗಿರಿ
ಜನವರಿ 10

ತಿಪಟೂರು ತಾಯಿಯವರ ಮಾತಿಗೆ ನನ್ನ ಸಹಿ. ಅದರ ಜೊತೆ ಇನ್ನೊಂದು. ಎಳ್ಳು ಬೀರುವವರು ಮೇಲಿನ ಬೀದಿಯಲ್ಲೇ ಸುತ್ತಿ ವಾಪಸ್ ಬರಬೇಡಿ. ಕೇರಿಯ ಮನೆಗಳಿಗೂ ಹೋಗಿ, ಅವರು ಕೊಟ್ಟಿದ್ದನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ಬನ್ನಿ. ನಾನು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ, ಈಗ ಆ ಮಕ್ಕಳು ತಾವೇ ಹೋಗುತ್ತಾರೆ.

ಹೊಳವನಹಳ್ಳಿ ಮಗಳು
ಜನವರಿ 16, ರಾತ್ರಿ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಏನಾಯಿತು ಅಂತ ಹೇಳಲೇಬೇಕು.

13ಕ್ಕೆ ರಜೆ ಹಾಕಿ ಊರಿಗೆ ಹೋದೆ. ಪಕ್ಕದ ಮನೆ ಇಬ್ಬರು ಹುಡುಗರು ಬಂದು ಹಾರೆ ಹಾಕಿ ರೋಣಗಲ್ಲು ಮೇಲೆಬ್ಬಿಸಿದರು. ತೊಳೆದು ನೋಡಿದರೆ ಒಂದು ಕಡೆ ತಾತನ ಕಾಲದ ಉಳಿ ಗುರುತು ಹಾಗೇ ಇದೆ. ಅಮ್ಮ ಹತ್ತಡಿ ಜಾಗಕ್ಕೆ ಸಗಣಿ ಬಳಿದರು. ಅಪ್ಪ ಎಲ್ಲಿಂದಲೋ ಒಂದು ಬೂತಾಳೆ ಕಂಬ ತಂದು ಮೇಟಿ ನೆಟ್ಟರು. ಮನೆಗೆ ಇಟ್ಟುಕೊಂಡಿದ್ದ ರಾಗಿಯಲ್ಲಿ ಎರಡು ಚೀಲ ಸುರಿದೆವು. ಬೆನವಣ್ಣನನ್ನು ನಾನೇ ಮಾಡಿದೆ, ಮೂತಿ ಸರಿ ಬರಲಿಲ್ಲ, ಅಮ್ಮ ತಿದ್ದಿದರು.

ಕೊಳಗ ಅಟ್ಟದ ಮೇಲಿತ್ತು. ಅಪ್ಪ ಮಂಡಿ ಊರಿ ಕೂರಲಾಗದೆ ಮಣೆ ಹಾಕಿಕೊಂಡು ಕೂತರು. ಮೊದಲ ಕೊಳಗ ತುಂಬಿ, ಕೈಯಿಂದ ಅಂಚು ಸವರಿ, ಚೀಲಕ್ಕೆ ಸುರಿಯುತ್ತಾ "ಲಾಭ" ಅಂದರು. ಧ್ವನಿ ಸ್ವಲ್ಪ ನಡುಗಿತು. ನಾವು ಯಾರೂ ಮಾತಾಡಲಿಲ್ಲ. ಅಳತೆ ಮುಗಿದ ಮೇಲೆ ಅಪ್ಪ ಮೊರದಲ್ಲಿ ರಾಗಿ ತೆಗೆದು, ಕಲ್ಲು ಎಬ್ಬಿಸಿಕೊಟ್ಟ ಹುಡುಗರಿಗೆ ಕೊಟ್ಟರು. ಅವರಿಗೆ ಯಾಕೆ ಅಂತ ಗೊತ್ತಾಗಲಿಲ್ಲ, ಆಮೇಲೆ ಅಪ್ಪನೇ ಕೂರಿಸಿಕೊಂಡು ಹೇಳಿದರು.

ಸಂಜೆ ಊರಿನಲ್ಲಿ ಉಳಿದಿರುವ ಒಂದೇ ಜೊತೆ ಎತ್ತು ಕಿಚ್ಚು ಹಾಯಿತು. ಡಾಕ್ಟರ್ ಸಾರ್ ಹೇಳಿದಂತೆ ಬರೀ ಹುಲ್ಲು, ಹಸುಗಳೆಲ್ಲ ಪಕ್ಕದಲ್ಲಿ ನಡೆದವು. ಪೊಂಗಲ್ ಹಿಡಿಯಷ್ಟೇ ಕೊಟ್ಟೆವು.

ಚಿಂತಾಮಣಿ ಅಣ್ಣ, ಅಪ್ಪನನ್ನು ಕೇಳಿದೆ. "ಅಕ್ಕಡಿ ಇಲ್ಲದ ರಾಗಿ ಹೊಲ ಹೊಲವಾ?" ಅಂತ ನನಗೇ ತಿರುಗಿಸಿ ಕೇಳಿದರು. ಮನೆ ಪಕ್ಕದ ಅರ್ಧ ಎಕರೆಗೆ ಮುಂದಿನ ವರ್ಷ ಮಿಷಿನ್ ಬಿಡುವುದಿಲ್ಲವಂತೆ. ಅಷ್ಟನ್ನು ಕೈಯಲ್ಲಿ ಕೊಯ್ಯುವುದಾದರೆ ನಾನು, ನನ್ನ ತಮ್ಮ ವಾರ ರಜೆ ಹಾಕಿ ಬರ್ತೀವಿ ಅಂತ ಮಾತು ಕೊಟ್ಟಿದ್ದೇವೆ. ಈಗ ತೊಂದರೆ ಬೀಜದ್ದು. ಅಂಗಡಿಯಲ್ಲಿ ಕೇಳಿದರೆ ವರ್ಷವಿಡೀ ಬರುವ ತಳಿಯನ್ನೇ ಕೊಡ್ತಾರೆ. ನಾಟಿ ಸೊಗಡಿನ ಅವರೆ ಬೀಜ ಯಾರ ಹತ್ತಿರವಾದರೂ ಇದೆಯಾ?

ಶಿರಾ ಸೊಸೆ
ಜನವರಿ 16

ಅಮ್ಮ ಬೀರಿದಳು. ಹನ್ನೊಂದು ಮನೆ.

ಚಿಂತಾಮಣಿ ಅವರೆಕಾಯಿ
ಜನವರಿ 17

ಇದೆ ತಂಗಿ. ಬೀಜಕ್ಕೆ ಅಂತ ಎರಡು ಸಾಲು ಕಾಯಿ ಕೀಳದೆ ಬಿಟ್ಟಿದ್ದೇನೆ, ಗಿಡದಲ್ಲೇ ಒಣಗುತ್ತಿದೆ. ಶಿವರಾತ್ರಿ ಹೊತ್ತಿಗೆ ಬಡಿದು, ಬೂದಿ ಬೆರೆಸಿ ಇಡ್ತೀನಿ. ಅರ್ಧ ಎಕರೆ ಅಕ್ಕಡಿಗೆ ಎರಡು ಸೇರು ಬೇಕಾದಷ್ಟಾಯಿತು. ತೊಗರಿ, ಹುಚ್ಚೆಳ್ಳು ಕೂಡ ಒಂದೊಂದು ಪಾವು ಹಾಕಿರ್ತೀನಿ. ದುಡ್ಡು ಬೇಡ, ಮುಂದಿನ ಸಂಕ್ರಾಂತಿ ಆದ ಮೇಲೆ ಎರಡು ಸೇರು ವಾಪಸ್ ಕೊಡಿ, ಬೀಜ ಯಾವಾಗಲೂ ಹಾಗೇ. ನಿಮ್ಮ ಮನೆಯಲ್ಲಿ ಸಡ್ಡೆ ಉಳಿದಿದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಅದನ್ನೂ ಮಾಡಿಸಬೇಕು.

ಹೊಳವನಹಳ್ಳಿ ಮಗಳು
ಜನವರಿ 17

ಸಡ್ಡೆ ಇದೆ ಅಣ್ಣ. ಕೊಟ್ಟಿಗೆ ಸೂರಿನಲ್ಲಿ ಸಿಕ್ಕಿಸಿದ್ದರು. ಬಿದಿರು ಸೀಳಿದೆ, ಅಪ್ಪ ಬೆಳಿಗ್ಗೆಯಿಂದ ಅದಕ್ಕೆ ದಾರ ಸುತ್ತುತ್ತಾ ಕೂತಿದ್ದಾರಂತೆ, ಅಮ್ಮ ಫೋನ್ ಮಾಡಿದ್ದರು.